ಎರೆಹೊಲದೊಳಗಿನ ಆಫ್ರಿಕಾ

ಗದಗ-ಬೆಟಗೇರಿಯ ಸುತ್ತುಮುತ್ತ ಸಸ್ಯಶಾಸ್ತ್ರದ ಮಾತು ಬಂದಿತೆಂದರೆ ಕೇಳುವವರ ಕಣ್ಣು ತಾನಾಗಿ ಕಪ್ಪತಗುಡ್ಡದ ಕಡೆಗೆ ಹೊರಳುವುದು ವಾಡಿಕೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿ ನಿಂತ ಆ ಗುಡ್ಡಸಾಲು ಔಷಧಿಸಸ್ಯಗಳಿಗೆ ಹೆಸರಾದುದು ಹೌದು; 2019ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಿತವಾದುದೂ ಉಚಿತವೇ. ಆದರೆ ಆ ಗುಡ್ಡದ ಬುಡದಿಂದ ದೃಷ್ಟಿ ಹರಿಯುವಷ್ಟು ದೂರ ಚಾಚಿಕೊಂಡಿರುವ ಎರೆಭೂಮಿಯ ಜೋಳ-ಹತ್ತಿಗಳು ವಿಜ್ಞಾನಿಯ ಕುತೂಹಲಕ್ಕೆ ಗುಡ್ಡದ ಮೂಲಿಕೆಗಳಿಗಿಂತ ಕಡಿಮೆಯಾದ ವಸ್ತುವಲ್ಲವೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ನಿತ್ಯ ಉಣ್ಣುವುದನ್ನು ಯಾರು ತಾನೆ ತಿರುವಿ ನೋಡುತ್ತಾರೆ?

ಈ ಸೀಮೆಯ ಮನೆಯೊಂದರ ಊಟದ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳಿನ ಚಟ್ನಿ, ಅಲಸಂದಿ ಕಾಳಿನ ಪಲ್ಲೆ, ಸಂಕ್ರಾಂತಿಯಾದರೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಇರುವುದು ಸಾಮಾನ್ಯವಷ್ಟೆ. ಇವುಗಳಲ್ಲಿ ಜೋಳದ ತವರು ಸೂಡಾನಿನ ಬಯಲು. ಸಜ್ಜೆಯದು ಸಹಾರಾ ಮರುಭೂಮಿಯ ತೆಂಕಣ ಅಂಚು. ಗುರೆಳ್ಳು ಇಥಿಯೋಪಿಯದ ಎತ್ತರದ ನಾಡಿನದು. ಅಲಸಂದಿಯೂ ಪುಂಡಿಯೂ ಆ ಖಂಡದವೇ, ಹಿತ್ತಲಿನ ಔಡಲವೂ ಸಾರಿಗೆ ಹಿಂಡುವ ಹುಣಸೆಯೂ ಅಲ್ಲಿಂದ ಬಂದವೇ. ಮೆಣಸಿನಕಾಯಿಯೊಂದು ಮಾತ್ರ ಅಮೆರಿಕಾದಿಂದ ಬಂದು ನಡುವೆ ಸೇರಿಕೊಂಡಿದೆ. ಆಫ್ರಿಕಾದ ಸಸ್ಯಗಳ ಒಳರಚನೆ, ರಸಾಯನ, ವರ್ಗೀಕರಣಗಳನ್ನು ಕುರಿತ ಸಂಶೋಧನೆಯೆಂದರೆ ಯಾವುದೋ ದೂರದೇಶದ ಪಂಡಿತರ ವ್ಯಾಸಂಗವೆಂದು ತಿಳಿಯುವವರು ಈ ತಾಟನ್ನೊಮ್ಮೆ ಗಮನಿಸಬೇಕು.

ಇವು ಬಂದುದು ನಿನ್ನೆ ಮೊನ್ನೆಯಲ್ಲ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳೂರಿನ ನವಶಿಲಾಯುಗದ ನೆಲೆಯಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಸಜ್ಜೆಯ ಕಾಳುಗಳೂ, ಅದೇ ಖಂಡದ ಮೂಲದ ಅವರೆಯ ಕಾಳುಗಳೂ ಸುಟ್ಟು ಕರಿಕಾದ ಸ್ಥಿತಿಯಲ್ಲಿ ದೊರೆತಿವೆ. ಕರಿಕಾದ ಕಾಳನ್ನು ಗುರುತಿಸುವುದು ಸುಲಭದ ಕೆಲಸವಲ್ಲ. ಅಲ್ಲಿ ಮೊದಲು ರಾಗಿಯೆಂದು ಹೇಳಲಾಗಿದ್ದುದನ್ನು ಮುಂದಿನ ಸಂಶೋಧಕರು ಸಂದೇಹಿಸಿದರು. ಜೋಳದ ವಿಷಯದಲ್ಲಾದರೋ ಸಾಕ್ಷ್ಯ ದೊರೆತ ಬಗೆ ಇನ್ನೂ ವಿಚಿತ್ರವಾದುದು. ಪೂರ್ವ ಸೂಡಾನಿನ ಬುಟಾನಾ ಎಂಬಲ್ಲಿಯ ಕುಂಬಾರರು ಕ್ರಿಸ್ತಪೂರ್ವ ನಾಲ್ಕನೆಯ ಸಹಸ್ರಮಾನದಲ್ಲಿ ಮಣ್ಣಿಗೆ ಜೋಳದ ಹೊಟ್ಟನ್ನು ಕಲಸಿ ಗಡಿಗೆ ಮಾಡುತ್ತಿದ್ದರು. ಆವಿಗೆಯಲ್ಲಿ ಹೊಟ್ಟು ಸುಟ್ಟುಹೋದರೂ ಅದರ ಅಚ್ಚು ಉಳಿಯಿತು. ಕಾಡು ಜೋಳದ ಕಾಳು ಬಲಿತಾಗ ತೊಟ್ಟಿನಲ್ಲಿ ಒಂದು ಪದರ ಸಡಿಲಗೊಂಡು ತಾನಾಗಿ ಉದುರುವುದರಿಂದ ಅಲ್ಲಿ ನುಣುಪಾದ ಗಾಯವಿರುತ್ತದೆ. ಸಾಗುವಳಿಯ ಜೋಳ ಉದುರುವುದಿಲ್ಲ, ಅದನ್ನು ಕಣದಲ್ಲಿ ಹಂತಿ ಕಟ್ಟಿ ತುಳಿಸಬೇಕು, ಆಗ ತೊಟ್ಟು ಹರಿದು ಅಂಚು ಚಿಂದಿಯಾಗುತ್ತದೆ. ಗಡಿಗೆಯ ಚೂರುಗಳಲ್ಲಿ ಈ ಎರಡೂ ಬಗೆಯ ಗುರುತುಗಳು ಕಂಡುವೆಂದು 2017ರಲ್ಲಿ ಪ್ರಕಟವಾದ ಶೋಧ ತಿಳಿಸಿತು. ಮನುಷ್ಯನು ಕಾಡುಹುಲ್ಲನ್ನು ಬೆಳೆಯನ್ನಾಗಿ ಮಾರ್ಪಡಿಸುತ್ತಿದ್ದ ಕಾಲವೇ ಹೀಗೆ, ಸಾಸಿವೆಗಿಂತ ಚಿಕ್ಕದಾದ ತೊಟ್ಟಿನ ಗಾಯವೊಂದರಲ್ಲಿ, ಸೆರೆಸಿಕ್ಕಿತು.

ಜೋಳಕ್ಕೆ ಹೆಸರಿಡುವ ಕಥೆಯೂ ಒಂದೇ ಹಾದಿಯಲ್ಲಿ ನಡೆದುದಲ್ಲ. 1753ರಲ್ಲಿ ಲಿನ್ನೇಯಸ್ ಅದನ್ನು ಬೇರೊಂದು ಹುಲ್ಲಿನ ಕುಲಕ್ಕೆ ಸೇರಿಸಿದ್ದನು. 1794ರಲ್ಲಿ ಮೋಂಕ್ ಎಂಬ ಜರ್ಮನ್ ಪಂಡಿತನು ಸಾರ್ಗಮ್ ಎಂಬ ಸ್ವತಂತ್ರ ಕುಲವನ್ನು ಕಲ್ಪಿಸಿದನು. ಯುಗಾಂಡಾದಲ್ಲಿ ಕೆಲಸಮಾಡಿ ಅನುಭವ ಪಡೆದಿದ್ದ ಸ್ನೋಡನ್ ಎಂಬುವರು 1936ರಲ್ಲಿ ಸಾಗುವಳಿಯ ಜೋಳವೊಂದನ್ನೇ 31 ಪ್ರಭೇದಗಳಾಗಿ ಒಡೆದು ದೊಡ್ಡ ಗ್ರಂಥವನ್ನು ಬರೆದರು. ಆ ಶ್ರಮ ಅಸಾಧಾರಣವಾದುದು; ಆದರೆ ಒಂದರೊಡನೊಂದು ಯಥೇಚ್ಛವಾಗಿ ಕೂಡಿ ಫಲಿಸುವ ಜೋಳಗಳನ್ನು ಬೇರೆ ಬೇರೆ ಪ್ರಭೇದಗಳೆಂದು ಕರೆಯುವುದು ಹೇಗೆ ಸರಿಯಾದೀತು? 1972ರಲ್ಲಿ ಹಾರ್ಲನ್ ಮತ್ತು ಡಿ ವೆಟ್ ಎಂಬ ಇಬ್ಬರು ಅವೆಲ್ಲವನ್ನೂ ಒಂದೇ ಪ್ರಭೇದವೆಂದು ಸಾರಿ, ಕಾಳು ಮತ್ತು ಅದನ್ನು ಅಪ್ಪಿಕೊಂಡ ಹೊಟ್ಟಿನ ಆಕಾರವನ್ನು ನೋಡಿ ಐದು ಮುಖ್ಯ ಬಗೆಗಳನ್ನು ಗೊತ್ತುಮಾಡಿದರು. ನಮ್ಮ ಹಿಂಗಾರಿ ಜೋಳ, ಅಂದರೆ ಒತ್ತಾದ ತೆನೆಯ, ದುಂಡು ಕಾಳಿನ ಬಿಳಿಜೋಳ, ದುರ್ರಾ ಎಂಬ ಬಗೆಗೆ ಸೇರಿದುದು. ಹಾರ್ಲನ್ನರು ಇನ್ನೊಂದು ಊಹೆಯನ್ನೂ ಮುಂದಿಟ್ಟರು: ಆಫ್ರಿಕಾದಿಂದ ಬಂದ ಹಳೆಯ ಜೋಳ ಭರತಖಂಡದಲ್ಲಿಯೇ ದುರ್ರಾ ರೂಪವನ್ನು ತಳೆದು ತಿರುಗಿ ಇಥಿಯೋಪಿಯದ ಕಡೆಗೆ ಹೋಗಿರಬಹುದಂತೆ. ಎಲ್ಲರೂ ಒಪ್ಪಿದ ಮಾತಲ್ಲವಾದರೂ, ಮುಂಡರಗಿಯ ರೈತನಿಗೆ ಕೇಳಲು ಹಿತವಾದ ಮಾತು.

ಉತ್ತರಿ, ಹಸ್ತ ಮಳೆಗಳ ಹಸಿಗೆ ಬಿತ್ತಿದ ಈ ಜೋಳ ಮುಂದೆ ಮಳೆಯನ್ನು ಹೆಚ್ಚಾಗಿ ಕಾಣದೆ, ಎರೆಮಣ್ಣು ತನ್ನೊಡಲಲ್ಲಿ ಹಿಡಿದಿಟ್ಟ ತೇವವೊಂದನ್ನೇ ನಂಬಿ ಸೀತನಿಯ ಕಾಲದವರೆಗೂ ಅಲ್ಲಿಂದ ಸುಗ್ಗಿಯವರೆಗೂ ಬಾಳುವುದು ಹೇಗೆಂಬ ಪ್ರಶ್ನೆಗೆ ಎಲೆಯ ಅಡ್ಡಸೀಳು ಉತ್ತರ ಹೇಳುತ್ತದೆ. ತೆಳ್ಳಗೆ ಕೊಯ್ದ ಎಲೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿ ಇಟ್ಟರೆ ಪ್ರತಿಯೊಂದು ನರದ ಸುತ್ತಲೂ ಹಸಿರು ತುಂಬಿದ ದೊಡ್ಡ ಕೋಶಗಳು ಬಳೆಯಾಕಾರದಲ್ಲಿ ಒತ್ತಾಗಿ ಕುಳಿತಿರುವುದು ಕಾಣುತ್ತದೆ. ಈ ರಚನೆಯನ್ನು ಹಾಬರ್‌ಲಾಂಟ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವರ್ಣಿಸಿದ್ದನಾದರೂ ಅದರ ಪ್ರಯೋಜನ ತಿಳಿದುದು ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬುವರು 1966ರಲ್ಲಿ ಕಬ್ಬಿನ ಎಲೆಯಲ್ಲಿ ನಡೆಯುವ ರಸಾಯನಕ್ರಿಯೆಯನ್ನು ಬಿಡಿಸಿ ತೋರಿಸಿದ ಮೇಲೆ. ಹೊರಗಿನ ಕೋಶಗಳು ಇಂಗಾಲಾಮ್ಲವನ್ನು ಹಿಡಿದು ಒಳಗಿನ ಬಳೆಗೆ ದಾಟಿಸುತ್ತವೆ. ಅಲ್ಲಿ ಅದು ದಟ್ಟವಾಗಿ ಸೇರುವುದರಿಂದ ಎಲೆ ತನ್ನ ರಂಧ್ರಗಳನ್ನು ಬಹಳ ಹೊತ್ತು ತೆರೆದಿಡಬೇಕಾಗಿಲ್ಲ, ನೀರೂ ಅಷ್ಟಾಗಿ ಆವಿಯಾಗಿ ಹೋಗುವುದಿಲ್ಲ. ಮೇಲ್ಪದರದಲ್ಲಿ ಉಬ್ಬಿದ, ತೆಳುಗೋಡೆಯ ಕೆಲವು ಕೋಶಗಳ ಸಾಲುಂಟು. ಬಿಸಿಲೇರಿ ಅವು ನೀರು ಕಳೆದುಕೊಂಡು ಕುಗ್ಗಿದೊಡನೆ ಎಲೆ ಸುರುಳಿಗೊಳ್ಳುತ್ತದೆ. ದಂಟನ್ನು ಬೆರಳಿಂದ ಉಜ್ಜಿದರೆ ಬಿಳಿಯ ಬೂದಿಯಂಥದು ಅಂಟುವುದಲ್ಲ, ಅದು ಮೇಣ. ಅದೂ ನೀರನ್ನು ತಡೆಯುವುದಕ್ಕೇ.

ಇದೇ ಎಲೆಯಲ್ಲಿ ವಿಷವೂ ಉಂಟು. ಮಳೆ ಕೈಕೊಟ್ಟು ಸೊರಗಿದ ಎಳೆಯ ಜೋಳವನ್ನಾಗಲಿ, ಕೊಯ್ದ ಬುಡದಿಂದ ಚಿಗುರಿದ ಕೂಳೆಯನ್ನಾಗಲಿ ಮೇಯ್ದ ದನ ಉಸಿರುಗಟ್ಟಿ ಬೀಳುವುದನ್ನು ರೈತರು ಬಲ್ಲರು. ಅದರ ಮೂಲವಸ್ತುವನ್ನು 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ರಸಾಯನಶಾಸ್ತ್ರಜ್ಞರು ಜೋಳದ ಎಳೆಯ ಗಿಡದಿಂದ ಬೇರ್ಪಡಿಸಿ ದುರಿನ್ ಎಂದು ಕರೆದರು. ದುರಿನ್ ತನ್ನಷ್ಟಕ್ಕೆ ನಿರುಪದ್ರವಿ. ಎಲೆಯ ಹೊರಪದರದ ಕೋಶಗಳಲ್ಲಿ ಅದು ಮುಚ್ಚಿಕೊಂಡಿದ್ದರೆ, ಅದನ್ನು ಒಡೆಯಬಲ್ಲ ಕಿಣ್ವ ಒಳಪದರದ ಕೋಶಗಳಲ್ಲಿ ಪ್ರತ್ಯೇಕವಾಗಿರುತ್ತದೆ. ದನದ ಹಲ್ಲಿಗೆ ಸಿಕ್ಕು ಎರಡೂ ಪದರಗಳು ಜಜ್ಜಿಹೋದಾಗ ಮಾತ್ರ ಅವು ಕೂಡಿ ಸಯನೈಡ್ ಹುಟ್ಟುತ್ತದೆ. ಇಲ್ಲಿ ರಸಾಯನವನ್ನು ಒಳರಚನೆಯಿಂದ ಬಿಡಿಸಿ ಹೇಳುವುದೇ ಸಾಧ್ಯವಿಲ್ಲ. ವಸ್ತು ಯಾವುದೆಂದು ತಿಳಿದರೆ ಸಾಲದು, ಅದು ಯಾವ ಕೋಣೆಯಲ್ಲಿದೆಯೆಂಬುದೂ ತಿಳಿಯಬೇಕು. ಬೆಳೆ ಬಲಿತಂತೆ ದುರಿನ್ ತಗ್ಗುತ್ತದೆ, ಕೊಯ್ದು ಚೆನ್ನಾಗಿ ಒಣಗಿಸಿದರೆ ಇನ್ನಷ್ಟು ತಗ್ಗುತ್ತದೆ. ಎಳೆಯ ಹಸಿಮೇವಿಗೆ ಅಂಜುವ ಮನೆಯವರೇ ಬಣವೆಯ ಕಣಿಕೆಯನ್ನು ನಿಶ್ಚಿಂತೆಯಿಂದ ಹಾಕುವುದರ ಮರ್ಮ ಇದು.

ಜೋಳದ ಬೇರಿಗೆ ಕಚ್ಚಿಕೊಂಡು ಅದರ ರಸವನ್ನೇ ಹೀರಿ ಬದುಕುವ ಸ್ಟ್ರೈಗಾ ಎಂಬ ಕಳೆ ಆಫ್ರಿಕಾದ ಬಡ ರೈತರ ಪಾಲಿಗೆ ದೊಡ್ಡ ಪೀಡೆ. ನಮ್ಮ ಕಡೆಯ ಜೋಳದಲ್ಲಿಯೂ ಕಾಣುತ್ತದೆ. ಧೂಳಿನಷ್ಟು ಸಣ್ಣದಾದ ಅದರ ಬೀಜ ಮಣ್ಣಿನಲ್ಲಿ ಹಲವು ವರ್ಷ ಕಾಯ್ದುಕೊಂಡಿದ್ದು, ಸಮೀಪದಲ್ಲಿ ಬೇರು ಬಂದ ಸುಳಿವು ತಿಳಿದ ಮೇಲೆಯೇ ಮೊಳೆಯುವುದು. ಆ ಸುಳಿವನ್ನು ಕೊಡುವ ರಾಸಾಯನಿಕವನ್ನು ವಿಜ್ಞಾನಿಗಳು 1966ರಲ್ಲಿ ಮೊದಲು ಪ್ರತ್ಯೇಕಿಸಿದುದು ಜೋಳದ ಬೇರಿನಿಂದಲ್ಲ, ಹತ್ತಿಯ ಬೇರಿನಿಂದ! ಸ್ಟ್ರಿಗಾಲ್ ಎಂಬ ಆ ವಸ್ತುವಿಗೆ ಮರುಳಾಗಿ ಮೊಳೆತ ಕಳೆ ಹತ್ತಿಗೆ ಕಚ್ಚಲಾರದೆ ಸಾಯುತ್ತದೆ. ಎರೆಹೊಲದಲ್ಲಿ ಒಂದು ವರ್ಷ ಜೋಳ, ಇನ್ನೊಂದು ವರ್ಷ ಹತ್ತಿಯೆಂದು ಬೆಳೆ ತಿರುಗಿಸುವ ಹಳೆಯ ಪದ್ಧತಿಗೆ ಇದೂ ಒಂದು ಸಮರ್ಥನೆ. ತನಗೆ ಲಾಭವಿಲ್ಲದೆ ಗಿಡವೊಂದು ಇಂಥದನ್ನೇಕೆ ಸ್ರವಿಸಬೇಕೆಂಬ ಒಗಟು ಬಿಡಿಸಿದವರು ಜಪಾನಿನ ಸಂಶೋಧಕರು. ಬೇರಿಗೆ ರಂಜಕವನ್ನು ಒದಗಿಸುವ ಉಪಕಾರಿ ಶಿಲೀಂಧ್ರಗಳನ್ನು ಕರೆಯುವ ಸಂಕೇತವೇ ಅದೆಂದು 2005ರಲ್ಲಿ ಅವರು ತೋರಿಸಿದರು. ಮಿತ್ರನಿಗೆ ಕಳಿಸಿದ ಕರೆಯನ್ನು ಕಳ್ಳನೂ ಕೇಳಿಸಿಕೊಂಡನೆಂದರೆ ಸರಿ.

ಹತ್ತಿಯ ವಂಶಾವಳಿಯಲ್ಲಿಯೂ ಆಫ್ರಿಕಾ ಉಂಟು. ಕುಮಟಾ ಬಂದರದಿಂದ ಹಡಗನ್ನೇರುತ್ತಿದ್ದುದರಿಂದ ಕುಮಟಾ ಹತ್ತಿಯೆನಿಸಿಕೊಂಡ ಜವಾರಿ ಹತ್ತಿಯೂ, ಆಮೇಲೆ ಇಲ್ಲಿ ಪ್ರಸಿದ್ಧಿಗೆ ಬಂದ ಜಯಧರವೂ ಗಾಸಿಪಿಯಮ್ ಹರ್ಬೇಸಿಯಮ್ ಎಂಬ ಪ್ರಭೇದದವು. ಅದರ ಕಾಡುಬಳಗ ಇಂದಿಗೂ ದಕ್ಷಿಣ ಆಫ್ರಿಕಾದಲ್ಲಿದೆ. 1840ರ ದಶಕದಿಂದ ಧಾರವಾಡ ಸೀಮೆಗೆ ತರಲಾದ ಅಮೆರಿಕನ್ ಹತ್ತಿ ಬೇರೆಯೇ ಜಾತಿಯದೆಂದು ಗದಗಿನ ಅಡತಿ ವ್ಯಾಪಾರಿಗಳು ಎಳೆಯನ್ನೆಳೆದು ನೋಡಿ ಹೇಳಬಲ್ಲವರಾಗಿದ್ದರು. ವರ್ಣತಂತುಗಳನ್ನು ಎಣಿಸಿದವರಿಗೆ ಅದರಲ್ಲಿಯೂ ನಂಟು ಕಂಡಿತು: ಜವಾರಿಯಲ್ಲಿ 26 ಇದ್ದರೆ ಅಮೆರಿಕನ್ ಹತ್ತಿಯಲ್ಲಿ 52, ಅವುಗಳಲ್ಲಿ ಅರ್ಧ ಹರ್ಬೇಸಿಯಮ್ಮಿನ ಬಳಗವನ್ನು ಹೋಲುತ್ತವೆ. ಹತ್ತಿಯ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಕಪ್ಪುಚುಕ್ಕೆಗಳು ಕಾಣುತ್ತವೆ, ಹತ್ತಿಕಾಳನ್ನು ಸೀಳಿದರೆ ಒಳಗೂ ಅವೇ. ಹುಳುಗಳಿಗೆ ಒಗ್ಗದ ಗಾಸಿಪಾಲ್ ಎಂಬ ವಸ್ತುವಿನ ಗ್ರಂಥಿಗಳಿವು. ಮೆಲುಕು ಹಾಕುವ ಎಮ್ಮೆ ಅದನ್ನು ಬಹುಮಟ್ಟಿಗೆ ಅರಗಿಸಿಕೊಳ್ಳುತ್ತದೆ, ಕೋಳಿಗೆ ಅದು ಆಗದು.

ಲಕ್ಷ್ಮೇಶ್ವರದಿಂದ ತುಸು ಆಚೆಗೆ, ಸವಣೂರಿನ ದೊಡ್ಡಹುಣಸೆ ಮಠದಲ್ಲಿರುವ ಮೂರು ಬಾವೋಬಾಬ್ ಮರಗಳನ್ನು ಈ ಭಾಗದಲ್ಲಿ ನೋಡದವರು ಕಡಿಮೆ. ಸೆನೆಗಲ್ಲಿನಲ್ಲಿ ಅದನ್ನು ಕಂಡು ವಿವರಿಸಿದ ಫ್ರೆಂಚ್ ಪಂಡಿತ ಅದಾನ್‌ಸನ್ನನ ನೆನಪಿಗೆ ಲಿನ್ನೇಯಸ್ ಅದಾನ್ಸೋನಿಯ ಎಂಬ ಹೆಸರಿಟ್ಟನು. ಕಾಯಿಯ ತಿರುಳಿನ ಹುಳಿಯನ್ನು ನೆಚ್ಚಿ ನಮ್ಮ ಜನ ಅದನ್ನು ಹುಣಸೆಯ ಸಾಲಿಗೆ ಸೇರಿಸಿದರು. ಆದರೆ ಹುಣಸೆ ತೊಗರಿ-ಅವರೆಗಳ ಕುಟುಂಬದ್ದು. ಬಾವೋಬಾಬಿನ ಬಿಳಿಯ ಹೂವನ್ನು ಬಿಡಿಸಿದರೆ ಕೇಸರಗಳೆಲ್ಲ ಬುಡದಲ್ಲಿ ಕೂಡಿ ಕೊಳವೆಯಾಗಿರುವುದು ಕಾಣುತ್ತದೆ: ದಾಸವಾಳ, ಬೆಂಡಿ, ಪುಂಡಿ, ಹತ್ತಿಗಳ ಹೂವಿನಲ್ಲಿರುವಂಥದೇ ರಚನೆ. ತೊಗಟೆಯೊಳಗೆ ನಾರು ಪದರಪದರವಾಗಿ ಕೂಡಿರುವುದೂ ಪುಂಡಿಯ ಹಾಗೆಯೇ. ಇಲ್ಲಿ ಪುಂಡಿನಾರಿನಿಂದ ಹಗ್ಗ ಹೊಸೆದಂತೆ ಆಫ್ರಿಕಾದಲ್ಲಿ ಬಾವೋಬಾಬಿನ ತೊಗಟೆಯಿಂದ ಹೊಸೆಯುತ್ತಾರೆ. ರಸಾಯನವೂ ಇದೇ ಪಕ್ಷ. ಹತ್ತಿಕಾಳಿನ ಎಣ್ಣೆ ಬೇರೆ ಎಣ್ಣೆಯಲ್ಲಿ ಬೆರೆತಿದೆಯೇ ಎಂದು ಪತ್ತೆಹಚ್ಚಲು ಹಾಲ್ಫೆನ್ ಎಂಬವನ ಹೆಸರಿನ ಒಂದು ಪರೀಕ್ಷೆಯುಂಟು, ಗಂಧಕ ಬೆರೆಸಿ ಕಾಯಿಸಿದರೆ ಎಣ್ಣೆ ಕೆಂಪೇರುತ್ತದೆ. ಬಾವೋಬಾಬಿನ ಬೀಜದೆಣ್ಣೆಯೂ ಹಾಗೆಯೇ ಕೆಂಪೇರುವುದು, ಏಕೆಂದರೆ ಎರಡರಲ್ಲಿಯೂ ಒಂದೇ ಬಗೆಯ ಅಪರೂಪದ ಕೊಬ್ಬಿನಾಮ್ಲಗಳಿವೆ. ಇಷ್ಟಾದರೂ ಬಾವೋಬಾಬನ್ನು ಬೂರಲದೊಡನೆ ಬೇರೊಂದು ಕುಟುಂಬದಲ್ಲಿಯೇ ಬಹುಕಾಲ ಇರಿಸಲಾಗಿತ್ತು. 1998ರ ಹೊಸ ವರ್ಗೀಕರಣ ವಂಶವಾಹಿಗಳ ಸಾಕ್ಷ್ಯವನ್ನೂ ಕೂಡಿಸಿಕೊಂಡು ಅದನ್ನು ಹತ್ತಿಯ ಮನೆಗೆ ತಂದಿತು. ಇನ್ನು ಇಲ್ಲಿಯ ಬಾವೋಬಾಬುಗಳು ಆಫ್ರಿಕಾದಿಂದ ಒಂದೇ ಸಲ ಬಂದವಲ್ಲ, ಬೇರೆ ಬೇರೆ ಕಾಲಗಳಲ್ಲಿ ಮನುಷ್ಯರ ಕೈಯಿಂದ ಹಲವು ಸಲ ಬಂದವೆಂದು 2015ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಹೇಳಿತು.

ಸವಣೂರಿನ ಮರಗಳಿಗೆ ಎರಡು ಸಾವಿರ ವರ್ಷವೆಂದು ಕೆಲವರು, ಐದು ಸಾವಿರವೆಂದು ಮತ್ತೆ ಕೆಲವರು ಸುತ್ತಳತೆಯನ್ನು ನೋಡಿ ಹೇಳಿಬಿಡುತ್ತಾರೆ. ಸಾಗುವಾನಿಯ ವಯಸ್ಸನ್ನು ಉಂಗುರ ಎಣಿಸಿ ಹೇಳಿದಂತೆ ಇದರದನ್ನು ಹೇಳಲಾಗದು. ಬಾವೋಬಾಬಿನ ಕಟ್ಟಿಗೆಯಲ್ಲಿ ಗಟ್ಟಿನಾರು ಸ್ವಲ್ಪ, ನೀರು ತುಂಬಿದ ಮೆತ್ತನೆಯ ಕೋಶಗಳೇ ಬಹುಪಾಲು, ಉಂಗುರಗಳು ಅಸ್ಪಷ್ಟ, ಅಲ್ಲದೆ ಹಲವು ಕಾಂಡಗಳು ಬಳಸಿ ಬೆಳೆದು ಬೆಸೆದುಕೊಂಡು ಒಂದೇ ಮರವೆಂಬ ಭ್ರಮೆ ಹುಟ್ಟಿಸುವುದೂ, ನಡುವಿನ ಪೊಳ್ಳು ಎಂದೂ ಕಟ್ಟಿಗೆಯಾಗಿರದ ಬರಿಯ ಜಾಗವಾಗಿರುವುದೂ ಉಂಟು. ರುಮೇನಿಯದ ಪತ್ರುತ್ ಎಂಬ ವಿಜ್ಞಾನಿ ಪೊಳ್ಳಿನ ಒಳಗೋಡೆಯಿಂದ ಚೂರುಗಳನ್ನು ತೆಗೆದು ವಿಕಿರಣ ಇಂಗಾಲದಿಂದ ಕಾಲ ನಿರ್ಣಯಿಸಿದ ಮೇಲೆಯೇ ಆಫ್ರಿಕಾದ ಮುದಿಮರಗಳ ವಯಸ್ಸು ನಂಬುವಂತಾದುದು. 2023ರ ಮಳೆಗಾಲದಲ್ಲಿ ಸವಣೂರಿನ ಮೂರರಲ್ಲೊಂದು ಮರ ಬುಡಸಹಿತ ಉರುಳಿತು. ಅದನ್ನು ಯಂತ್ರಗಳಿಂದ ಎತ್ತಿ ಮರಳಿ ನೆಟ್ಟರು. ಬೇರೆ ಮರವಾಗಿದ್ದರೆ ಅದು ವ್ಯರ್ಥ ಪ್ರಯಾಸವೆನಿಸಬಹುದಿತ್ತು. ಬುಡ ಕಿತ್ತು ಬಿದ್ದರೂ ಕಾಂಡದಲ್ಲಿ ಕೂಡಿಟ್ಟ ನೀರಿನ ಬಲದಿಂದ ಚಿಗುರಬಲ್ಲ ಈ ಜಾತಿಗೆ ಆ ಮಾತು ಸಲ್ಲದು.