ಕೊನೀಗೆ ನಾಯಿ ಸಾಯ್ತೈತೇನು?

ಹೊರಗೆ ಜಿಟಿಜಿಟಿ ಮಳೆ. ಹಾನಗಲ್ಲ ತಾಲ್ಲೂಕಿನ ಆಡೂರಿನಲ್ಲಿ ಒಂದು ಮನೆಯ ಪಡಸಾಲೆ. ಗೋವಿನಜೋಳಕ್ಕೆ ಎಡೆ ಹೊಡೆದು ಬಂದ ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿವೆ. ಟಿವಿ ಮುಂದೆ ಮನೆಮಂದಿಯೆಲ್ಲ ಕೂತಿದ್ದಾರೆ: ಚಾಪೆಯ ಮೇಲೆ ಹುಡುಗರು, ಕಂಬಕ್ಕೆ ಒರಗಿ ಅಜ್ಜ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಅವ್ವ. ಹೊಸ್ತಿಲಿನಾಚೆ ಗೋಣಿಚೀಲದ ಮೇಲೆ ಮನೆಯ ನಾಯಿ ಮುದುಡಿಕೊಂಡಿದೆ. ಅದಕ್ಕೆ ಒಳಗೆ ಬರುವ ಹಕ್ಕಿಲ್ಲ. ಟಿವಿಯೊಳಗಿನ ನಾಯಿಗೆ ಮಾತ್ರ ಎಲ್ಲ ಹಕ್ಕೂ ಉಂಟು. ಅದು ಕುರ್ಚಿ ಕೆಡವುತ್ತದೆ, ದಿಂಬು ಹರಿಯುತ್ತದೆ, ಯಜಮಾನನ ಇಡ್ಲಿಯಲ್ಲಿ ಪಾಲು ಕೇಳುತ್ತದೆ. "ಯವ್ವಾ, ಹಾಸಿಗಿ ಮ್ಯಾಲ ನಾಯಿ!" ಎಂದು ಅಜ್ಜಿ ಬಾಯಿಗೆ ಸೆರಗು ಹಿಡಿಯುತ್ತಾಳೆ. ಅದು ಅಸಹ್ಯವೂ ಹೌದು, ನಗುವೂ ಹೌದು.

ಚಿತ್ರ '777 ಚಾರ್ಲಿ'. ಇನ್ನೂ ಅರ್ಧ ಮುಗಿದಿಲ್ಲ, ಚಾಪೆಯ ಮೇಲಿನ ಸಣ್ಣ ಹುಡುಗನಿಗೆ ಸಂಶಯ ಶುರುವಾಗಿದೆ. "ಕಾಕಾ, ಕೊನೀಗೆ ನಾಯಿ ಸಾಯ್ತೈತೇನು?"

ಕಾಕಾ ಇದನ್ನು ಟಾಕೀಸಿನಲ್ಲೇ ನೋಡಿ ಬಂದವನು. "ಸುಮ್ನ ನೋಡಲೇ" ಎಂದು ಮೊಬೈಲಿಗೆ ಮುಖ ತಿರುಗಿಸುತ್ತಾನೆ. ಹುಡುಗನಿಗೆ ಅಷ್ಟೇ ಸಾಕು, ಉತ್ತರ ಸಿಕ್ಕಿತು. ಅಲ್ಲಿಂದ ಮುಂದೆ ಅವನು ಚಿತ್ರ ನೋಡುವುದಿಲ್ಲ, ನಾಯಿಯನ್ನು ಕಾಯುತ್ತಾನೆ.

ನಾಯಿ ಸಾಕಿದವರು ನಾಯಿಯ ಸಿನಿಮಾಕ್ಕೆ ಹೋಗುವ ಮುಂಚೆ ಕೇಳುವ ಮೊದಲ ಪ್ರಶ್ನೆ ಇದೇ. ಇಂಗ್ಲಿಷ್ ಚಿತ್ರಗಳ ಮಟ್ಟಿಗೆ ಈ ಒಂದು ಪ್ರಶ್ನೆಗೆ ಉತ್ತರ ಹೇಳಲೆಂದೇ ಹುಟ್ಟಿಕೊಂಡ ಜಾಲತಾಣವೂ ಇದೆ. ಪರದೆಯ ಮೇಲೆ ನೂರು ಮಂದಿ ಗುಂಡೇಟಿಗೆ ಬಿದ್ದರೂ ಕಡಲೆಕಾಯಿ ತಿನ್ನುತ್ತ ಕೂತಿರುವವರು, ಒಂದು ನಾಯಿ ಕುಂಟಿದರೆ ಎದ್ದು ಹೊರಗೆ ಹೋಗುತ್ತಾರೆ. ಇದನ್ನು ಹುಚ್ಚು ಎನ್ನುವವರು ನಾಯಿ ಸಾಕಿದವರಲ್ಲ.

ಪಡಸಾಲೆಯಲ್ಲಿ ಎಲ್ಲರೂ ಒಂದೇ ಕಡೆ ಅಳುವುದಿಲ್ಲ. ಹುಡುಗರ ಗಂಟಲು ಕಟ್ಟಿಕೊಳ್ಳುವುದು ನಾಯಕ ಧರ್ಮ ನಾಯಿಯನ್ನು ಗದರಿಸಿ ಓಡಿಸಿದಾಗ. ಅವ್ವನ ಕೈ ನಿಂತದ್ದು ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ಹೊತ್ತಿನಲ್ಲಿ. "ಅದಕ್ಕ ಪಾಪ, ಏನಾಗೇತಿ ಅಂತನೂ ಗೊತ್ತಿಲ್ಲಲ್ಲೋ" ಎಂದು ಹೇಳಿ ಅಕ್ಕಿಯನ್ನು ಬದಿಗಿಟ್ಟು ಒಳಗೆ ಎದ್ದುಹೋದಳು. ಆ ಮಾತು ಚಾರ್ಲಿಗೆ ಹೇಳಿದ್ದಲ್ಲ ಎಂದು ಮನೆಯವರಿಗೆಲ್ಲ ಗೊತ್ತು. ಈಗ ಹೊಸ್ತಿಲಿನಾಚೆ ಇರುವುದು ಎರಡನೆಯ ಕಾಳ್ಯಾ. ಮೊದಲನೆಯದು ರಸ್ತೆಯಲ್ಲಿ ಲಾರಿಗೆ ಸಿಕ್ಕಿತ್ತು. ಅದಕ್ಕೆ ದಿನಾ ರೊಟ್ಟಿ ಹಾಕಿದವಳು ಅವಳು. ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಅದನ್ನು ಹುಗಿದು ಬಂದ ಗಂಡಸರು ಕೈಕಾಲು ತೊಳೆದು ಉಂಡಿದ್ದರು. ಯಾರೂ ಏನೂ ಮಾತಾಡಿರಲಿಲ್ಲ. ಅಂದು ನಿಂತ ಅಳು ಇವತ್ತು ಬಂತು.

ಅಜ್ಜನದು ಬೇರೆಯೇ ದಾರಿ. ಒಂದು ಕಾಲದಲ್ಲಿ ದೊಡ್ಡಾಟಕ್ಕೆ ಹಿಮ್ಮೇಳ ಹಾಡಿದ ಮನುಷ್ಯ. ನಾಯಿಯನ್ನು ಬೈಕಿಗೆ ಹತ್ತಿಸಿಕೊಂಡು ನಾಯಕ ಉತ್ತರಕ್ಕೆ, ಹಿಮದ ಕಡೆ ಹೊರಟಾಗ ಅವನು ನೆಟ್ಟಗೆ ಕೂತ. "ಇದು ಧರ್ಮರಾಯನ ಕಥಿ ಅಲ್ಲೇನೋ? ನಾಯಕನ ಹೆಸರೂ ಧರ್ಮನ. ಪಾಂಡವರೆಲ್ಲ ದಾರಿಯೊಳಗ ಬಿದ್ದರು, ಕಡೀತನಕ ಬೆನ್ನ ಹತ್ತಿದ್ದು ನಾಯಿನ. ನಾಯಿ ಬಿಟ್ಟು ಬಾ ಅಂದ ಇಂದ್ರ. ನಾಯಿ ಬಿಟ್ಟು ಸ್ವರ್ಗಕ್ಕ ನಾ ಒಲ್ಲೆ ಅಂದ ಧರ್ಮರಾಯ."

"ಆ ಕಥಿಯೊಳಗ ನಾಯಿ ಸಾಯ್ತೈತೇನು?" ಹುಡುಗ ಬಿಡಲಿಲ್ಲ.

"ಅದು ನಾಯಿ ಅಲ್ಲೋ, ಯಮಧರ್ಮ. ಅದೆಲ್ಲಿ ಸಾಯ್ತೈತಿ?"

ಚಿತ್ರ ಮುಗಿದ ಮೇಲೆ ಕಾಕಾ ಮಾಡಿದ ಒಳ್ಳೆಯ ಕೆಲಸವೆಂದರೆ ಮೊಬೈಲ್ ಹುಡುಗನ ಕೈಗೆ ಕೊಟ್ಟದ್ದು. ಚಾರ್ಲಿಯಾಗಿ ನಟಿಸಿದ ಲ್ಯಾಬ್ರಡಾರ್ 2024ರ ಮೇನಲ್ಲಿ ಆರು ಮರಿ ಹಾಕಿತು, ನಾಯಕ ರಕ್ಷಿತ್ ಶೆಟ್ಟಿ ಮೈಸೂರಿಗೆ ಹೋಗಿ ನೋಡಿಕೊಂಡು ಬಂದರು. ಆ ಮರಿಗಳನ್ನು ನೋಡಿದ ಮೇಲೆಯೇ ಹುಡುಗ ಊಟಕ್ಕೆ ಎದ್ದ.

ಆಡೂರಿನ ಈ ಅಳುವಿಗೆ ನೆರೆಯ ಶಿಗ್ಗಾವಿಯಿಂದ ದೊಡ್ಡ ಮೇಲ್ಪಂಕ್ತಿಯೂ ಇದೆ. ಕಾಸರಗೋಡಿನ ಕಿರಣರಾಜ್ ಕೆ. ನಿರ್ದೇಶಿಸಿದ ಈ ಚಿತ್ರ ತೆರೆಗೆ ಬಂದದ್ದು 2022ರ ಜೂನ್ 10ರ ಶುಕ್ರವಾರ. 13ರ ಸೋಮವಾರ ರಾತ್ರಿ ಬೆಂಗಳೂರಿನಲ್ಲಿ ಅದನ್ನು ನೋಡಿದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಆಗ ಶಿಗ್ಗಾವಿಯ ಶಾಸಕರು, ಕ್ಯಾಮೆರಾಗಳ ಎದುರಿಗೇ ಬಿಕ್ಕಿದರು. ಅವರು ಅತ್ತದ್ದು ಸನ್ನಿಗಾಗಿ. 2021ರ ಜುಲೈನಲ್ಲಿ, ಅವರಿನ್ನೂ ಗೃಹ ಸಚಿವರಾಗಿದ್ದಾಗ, ಮನೆಯ ನಾಯಿ ಸನ್ನಿ ತೀರಿಕೊಂಡಿತ್ತು. ಹೂಹಾರ ಹಾಕಿದ ನಾಯಿಯ ಸುತ್ತ ಮನೆಮಂದಿ ಅಳುತ್ತಿದ್ದ ದೃಶ್ಯವನ್ನು ನಾಡು ಆಗಲೇ ನೋಡಿತ್ತು. ನಾಯಿ ತನ್ನ ಭಾವನೆಯನ್ನೆಲ್ಲ ಕಣ್ಣಿನಲ್ಲೇ ಹೇಳುತ್ತದೆ, ಅದರ ಪ್ರೀತಿಗೆ ಶರತ್ತಿಲ್ಲ ಎಂಬರ್ಥದ ಮಾತನ್ನು ಬೊಮ್ಮಾಯಿ ಚಿತ್ರ ನೋಡಿದ ಮೇಲೆ ಆಡಿದರು. ಕೆಲವೇ ದಿನಗಳಲ್ಲಿ ಚಿತ್ರಕ್ಕೆ ಆರು ತಿಂಗಳು ರಾಜ್ಯ ಜಿಎಸ್‌ಟಿ ವಿನಾಯಿತಿಯೂ ಸಿಕ್ಕಿತು.

ಬೊಮ್ಮಾಯಿ ಚಿತ್ರ ನೋಡಿದ ಮರುದಿನ, ಅಂದರೆ 14ರ ಮಂಗಳವಾರ, ಕಾರ ಹುಣ್ಣಿಮೆ. ಟಿವಿಯಲ್ಲಿ ಮುಖ್ಯಮಂತ್ರಿಗಳು ಕಣ್ಣೊರೆಸಿಕೊಳ್ಳುತ್ತಿದ್ದಾಗ ಈ ಸೀಮೆಯ ಅಂಗಳಗಳಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬೀಳುವ ದಿನ. ಚಹಾದಂಗಡಿಯ ಬೆಂಚಿನಲ್ಲಿ ಇಂಥ ಸುದ್ದಿಗೆ ಬರುವ ಮಾತು ಹೇಗಿರುತ್ತದೆಂದು ಹಾವೇರಿ ಸೀಮೆ ಬಲ್ಲವರಿಗೆ ಹೇಳಬೇಕಿಲ್ಲ: "ನಾವೂ ಗೋವಿನಜೋಳದ ರೇಟ್ ಕೇಳಿ ಅಳಾಕತ್ತೇವಿ, ನಮಗ್ಯಾವ ವಿನಾಯಿತಿ ಐತ್ರಿ?" ಚೇಷ್ಟೆ ಸರಿಯಾದದ್ದೇ. ಆದರೆ ಆ ಬೆಂಚಿನ ಮೇಲೆಯೇ, ಚಹಾ ಖಾಲಿಯಾದ ಮೇಲೆ, ಒಬ್ಬ ತನ್ನ ಕುರಿಹಟ್ಟಿಯ ನಾಯಿ ತೋಳದ ಎದುರು ನಿಂತ ಕಥೆ ತೆಗೆಯುತ್ತಾನೆ. ಇನ್ನೊಬ್ಬ, ಅಪ್ಪ ಸತ್ತ ಮೇಲೆ ನಾಯಿ ಅಗಸಿ ಬಾಗಿಲಿಗೆ ಹೋಗಿ ಕೂತಿರುತ್ತಿದ್ದುದನ್ನು ಹೇಳುತ್ತಾನೆ. ಗಂಡಸರು ನಾಯಿಗೆ ಅತ್ತದ್ದನ್ನು ಒಪ್ಪಿಕೊಳ್ಳುವಂತಾದದ್ದು ಆ ಚಿತ್ರದಿಂದ, ಅದನ್ನು ನೋಡಿ ಒಬ್ಬ ಮುಖ್ಯಮಂತ್ರಿ ಅತ್ತದ್ದರಿಂದ ಎಂದೇ ನನ್ನ ಎಣಿಕೆ. ರಾಜಕೀಯದಲ್ಲಿ ಅವರ ಬಗ್ಗೆ ಯಾರು ಏನೇ ಹೇಳಲಿ, ಆ ಕಣ್ಣೀರಿಗೆ ಹೆಸರಿಡಲು ನನಗೆ ಮನಸ್ಸಿಲ್ಲ.

ಕಣ್ಣಿನ ಮಾತು ಬಂತು. ಅದು ಬರೀ ಭಾವುಕತೆಯಲ್ಲ. ಒಳಹುಬ್ಬನ್ನು ಮೇಲಕ್ಕೆ ಎತ್ತುವ ಒಂದು ಸಣ್ಣ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳದಲ್ಲಿ ಅದು ಹೆಸರಿಗಷ್ಟೇ ಎಂದು 2019ರ ಒಂದು ಅಧ್ಯಯನ ತೋರಿಸಿತು. ಹುಬ್ಬು ಎತ್ತಿದ ನಾಯಿಯ ಮುಖ ನಮಗೆ ಅಳುವ ಮಗುವಿನಂತೆ ಕಾಣುತ್ತದೆ. ಸಾವಿರಾರು ವರ್ಷ ಮನುಷ್ಯನ ಒಲೆಯ ಬಳಿ ಕೂತು ಗಳಿಸಿದ ಮುಖ ಅದು. ಚಾರ್ಲಿ ಬಿಡುಗಡೆಯಾದ ವರ್ಷವೇ, 2022ರ ಆಗಸ್ಟಿನಲ್ಲಿ, ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ಇನ್ನೊಂದು ಸಂಗತಿ ಪ್ರಕಟಿಸಿದರು: ಗಂಟೆಗಟ್ಟಲೆ ಅಗಲಿದ್ದ ಯಜಮಾನ ಮರಳಿ ಬಂದಾಗ ನಾಯಿಯ ಕಣ್ಣಲ್ಲಿ ನೀರು ಹೆಚ್ಚುತ್ತದೆ. ಪರಿಚಯದ ಬೇರೆಯವರು ಬಂದರೆ ಹಾಗಾಗುವುದಿಲ್ಲ. ಕ್ಯಾಮೆರಾ ನಾಯಿಯ ಕಣ್ಣಿಗೆ ಹತ್ತಿರ ಹೋದಾಗ ಅವ್ವನಿಗೆ ಆಗುವುದು ಇದಕ್ಕೇ. ಅವಳು ಅಧ್ಯಯನ ಓದಿಲ್ಲ, ದಿನಾ ಸಂಜೆ ಹೊಲದಿಂದ ಬರುವಾಗ ಆ ಕಣ್ಣನ್ನು ನೋಡಿದ್ದಾಳೆ.

ಹಾವೇರಿ ಜಿಲ್ಲೆಗೆ ಪ್ರಾಣಿಗಾಗಿ ಅಳುವುದು ಹೊಸದಲ್ಲ. ಹೋರಿ ಹಬ್ಬದಲ್ಲಿ ಹೆಸರು ಮಾಡಿದ ಹೋರಿ ಸತ್ತರೆ ಊರೊಳಗೆ ಫ್ಲೆಕ್ಸ್ ಏಳುತ್ತದೆ, ಹೂವಿನಿಂದ ಸಿಂಗರಿಸಿ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ನಡೆಯುತ್ತದೆ, ಗಟ್ಟಿ ಆಳುಗಳು ಬಿಕ್ಕಿ ಬಿಕ್ಕಿ ಅಳುತ್ತಾರೆ. ನಾಯಿಗೆ ಆ ಮರ್ಯಾದೆ ಇಲ್ಲ. ಮನೆ ಕಾದದ್ದು, ಹೊಲದಲ್ಲಿ ಹಂದಿ ಅಟ್ಟಿದ್ದು ಅದೇ. "ಹಚ್ಯಾ" ಅನ್ನಿಸಿಕೊಂಡದ್ದೂ ಅದೇ. ಬೈಗುಳಕ್ಕೂ ಅದರದೇ ಹೆಸರು. ಒಂದು ಕಡೆ ಮಾತ್ರ ಲೆಕ್ಕ ತಿರುಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಕಂಬಳಿ ತೊಟ್ಟ ಗೊರವಪ್ಪಗಳು ನಾಯಿಗಳಂತೆ ಬೊಗಳುತ್ತ, ದೋಣಿಯಲ್ಲಿಟ್ಟ ಹಾಲು-ಬಾಳೆಹಣ್ಣಿಗೆ ಬಾಯಿ ಹಾಕುತ್ತಾರೆ. ದೇವರ ಮುಂದೆ ನಾಯಿಯಾಗುವುದೇ ಅಲ್ಲಿ ಸೇವೆ. ಮನುಷ್ಯರು ಅವರ ಕಾಲಿಗೆ ಬೀಳುತ್ತಾರೆ.

ಕನ್ನಡನಾಡಿನಲ್ಲಿ ನಾಯಿಗೆ ಕಲ್ಲು ನಿಲ್ಲಿಸಿ ಅತ್ತವರೂ ಇದ್ದಾರೆ. ಮಂಡ್ಯ ಸೀಮೆಯ ಆತಕೂರಿನ ಶಾಸನ, ಸುಮಾರು ಕ್ರಿ.ಶ. 950ರದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ "ಏನು ಬೇಕೋ ಕೇಳು" ಎಂದಾಗ ಅವನು ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಮಣಲೇರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಅದಕ್ಕೆ ಭೂಮಿ ಬಿಡಿಸಿ, ಆ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ಪಾಪ ತಟ್ಟುತ್ತದೆ ಎಂದು ಬರೆಸಿದ. ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರು ಕೇಳದೆ ನಾಯಿ ಕೇಳಿದ ಮಣಲೇರನನ್ನು ಆಡೂರಿನ ಪಡಸಾಲೆಗೆ ಕರೆತಂದು ಕೂರಿಸಿದರೆ ಅವನೂ ಅವ್ವನ ಜತೆಗೇ ಎದ್ದುಹೋಗುತ್ತಿದ್ದ.

ನಮ್ಮ ಹಳೆಯ ನಾಯಿ ಸಿನಿಮಾಗಳ ರೀತಿ ಬೇರೆ. 1984ರ ಕನ್ನಡದ 'ತಾಳಿಯ ಭಾಗ್ಯ', ಅದನ್ನೇ ಹಿಂದಿಗೆ ತಂದ 1985ರ 'ತೇರಿ ಮೆಹರ್ಬಾನಿಯಾ' ಚಿತ್ರಗಳಲ್ಲಿ ಯಜಮಾನ ಸಾಯುತ್ತಾನೆ, ನಾಯಿ ಸೇಡು ತೀರಿಸಿಕೊಳ್ಳುತ್ತದೆ. ಆ ಕಾಲದಲ್ಲಿ ಜನ ಶಿಳ್ಳೆ ಹೊಡೆದರು, ಅತ್ತದ್ದು ಕಡಿಮೆ. ಜಪಾನಿನ ಹಾಚಿಕೊ ಕಥೆಯಲ್ಲೂ ಸತ್ತದ್ದು ಯಜಮಾನನೇ. ಪ್ರೊಫೆಸರ್ ಉಎನೊ 1925ರಲ್ಲಿ ತೀರಿಕೊಂಡರು, ನಾಯಿ 1935ರವರೆಗೂ ಶಿಬುಯ ರೈಲು ನಿಲ್ದಾಣದಲ್ಲಿ ಅವರ ದಾರಿ ನೋಡಿತು. 2020ರ 'ನಾನು ಮತ್ತು ಗುಂಡ' ಚಿತ್ರದ್ದೂ ಅದೇ ಜಾಡು. ಇವೆಲ್ಲವುಗಳಲ್ಲಿ ಪರೀಕ್ಷೆಗೆ ಕೂರುವುದು ನಾಯಿ. ಅದು ಪಾಸಾಗುತ್ತದೆಂದು ನಮಗೆ ಮೊದಲೇ ಗೊತ್ತು. ಚಾರ್ಲಿಯಲ್ಲಿ ಪರೀಕ್ಷೆ ಮನುಷ್ಯನಿಗೆ. ಸಾಯುವ ನಾಯಿಯನ್ನು ಹೊತ್ತುಕೊಂಡು, ಅದು ಇಷ್ಟಪಟ್ಟ ಹಿಮದವರೆಗೆ ಹೋಗುತ್ತಾನೋ ಇಲ್ಲವೋ? ಅಜ್ಜ ಹೇಳಿದ ಕಥೆಯಲ್ಲೂ ಪರೀಕ್ಷೆಗೆ ಕೂತವನು ಧರ್ಮರಾಯನೇ. ನಾಯಿ ಸಾಕಿದವರು ಈ ಚಿತ್ರಕ್ಕೆ ಇಷ್ಟು ಅಳುವುದು ಅದಕ್ಕೆ. ನಾವು ಆ ಪರೀಕ್ಷೆಯಲ್ಲಿ ಎಲ್ಲೆಲ್ಲಿ ನಪಾಸಾದೆವು ಎನ್ನುವುದು ಎರಡೂಮುಕ್ಕಾಲು ಗಂಟೆ ಕಣ್ಣಮುಂದೆ ಓಡುತ್ತದೆ. ಅತ್ಯುತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕೊನೆಯ ಭಾಗ ಸ್ವಲ್ಪ ಎಳೆದಂತಾಗಿದೆ ಎಂದು ಆಗಲೂ ನನಗೆ ಅನ್ನಿಸಿತ್ತು, ಅನ್ನಿಸಿದ್ದು ಕಣ್ಣೊರೆಸಿಕೊಂಡ ಮೇಲೆ.

ಒಂದು ತಕರಾರು ಮಾತ್ರ ಇದೆ. ನಾಯಿಯ ಚಿತ್ರ ಗೆದ್ದರೆ ಆ ತಳಿಯ ಬೇಡಿಕೆ ಹತ್ತು ವರ್ಷದವರೆಗೂ ಏರಿರಬಲ್ಲದು ಎಂದು ಅಮೆರಿಕದ ನೋಂದಣಿ ಲೆಕ್ಕ ಹಿಡಿದು 2014ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಚಾರ್ಲಿಗೆ ಕ್ಯಾನ್ಸರ್ ತಂದದ್ದೇ ದುಡ್ಡಿಗಾಗಿ ನಾಯಿ ಹುಟ್ಟಿಸುವವರ ಒಳಸಂಬಂಧದ ದಂಧೆ ಎಂದು ಚಿತ್ರ ಬಾಯಿ ಬಿಟ್ಟು ಹೇಳುತ್ತದೆ. ಅದನ್ನು ನೋಡಿ ಅತ್ತವರೇ ಮರುದಿನ "ಲ್ಯಾಬ್ ಮರಿ ಎಷ್ಟರಿ?" ಎಂದು ಕೇಳಿದರೆ ಅತ್ತದ್ದು ದಂಡ.

ಲ್ಯಾಬ್ ಬೇಡ. ಹೊಸ್ತಿಲಿನಾಚೆ ಗೋಣಿಚೀಲದ ಮೇಲಿರುವ ಕಾಳ್ಯಾನನ್ನೇ ಒಮ್ಮೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಮೊದಲ ಲಸಿಕೆ, ಆಮೇಲೆ ವರ್ಷಕ್ಕೊಂದು. ಓಣಿಯ ನಾಯಿಗೂ ಹಾಕಿಸಬಹುದು, ಹಿಡಿದುಕೊಳ್ಳಲು ಅದು ನಂಬುವ ಒಬ್ಬರು ಜತೆಗಿದ್ದರೆ ಸಾಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಲಸಿಕೆ ಶಿಬಿರ ಎಲ್ಲಿದೆ ಎಂದು ನಿಮ್ಮೂರಿನ ಪಶು ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ.