ಆನ್‌ಲೈನ್ ಪಾಠವೂ ನಾಯಕತ್ವದ ಅಭ್ಯಾಸವೂ

ವ್ಯವಹಾರ ನಿರ್ವಹಣೆಯ ವಿದ್ಯೆಯನ್ನು ಮನೆಯಲ್ಲಿಯೇ ಕುಳಿತು ಕಲಿಯುವ ಅನುಕೂಲವು ಈಗ ನಮ್ಮಂಥ ನೌಕರವರ್ಗದವರಿಗೆ ಧಾರಾಳವಾಗಿ ಒದಗಿದೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್‌ನ ಪಾಠಗಳು, ಕೇಂದ್ರ ಸರಕಾರವು 2017ರಲ್ಲಿ ತೆರೆದ ‘ಸ್ವಯಂ’ನಲ್ಲಿಯೂ ದೊರೆಯುತ್ತವೆ. ಅಲ್ಲಿ ನಿರ್ವಹಣಾಶಾಸ್ತ್ರದ ಸಂಯೋಜನೆಯ ಹೊಣೆಯು ಬೆಂಗಳೂರಿನ ಐ.ಐ.ಎಂ.ಗೆ ಸೇರಿದುದು. ಪಾಠ ಕೇಳುವುದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆಂಬವರು ಹಣ ತೆತ್ತು ಪರೀಕ್ಷಾಕೇಂದ್ರಕ್ಕೆ ಹೋಗಬೇಕು. ಎನ್‌ಪಿಟೆಲ್‌ನಲ್ಲಿ ಸಾಮಾನ್ಯವಾಗಿ ವಾರದ ಅಭ್ಯಾಸಗಳಿಗೆ 25 ಅಂಕ, ಪರೀಕ್ಷೆಗೆ 75.

ಆದರೆ ಸೇರಿದವರೆಲ್ಲರೂ ದಡ ಮುಟ್ಟುವುದಿಲ್ಲ. ಹಾರ್ವರ್ಡ್, ಎಂ.ಐ.ಟಿ.ಗಳು ಎಡ್‌ಎಕ್ಸ್ ಮೂಲಕ ನಡೆಸಿದ ಪಾಠಗಳ ಲೆಕ್ಕವು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2017-18ರಲ್ಲಿ ಪೂರೈಸಿದವರು ನೂರಕ್ಕೆ ಮೂವರಿಗಿಂತ ತುಸು ಹೆಚ್ಚು. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿಯಾದರೋ ನೂರಕ್ಕೆ 46. ಕೈಯಿಂದ ಮಾರ್ಜಿನ್ ಹಾಕಿದ ಸಾಲಗಾರನು ಅಂಗಡಿಯನ್ನು ಸುಲಭವಾಗಿ ಮುಚ್ಚುವುದಿಲ್ಲವೆಂಬುದು ಬ್ಯಾಂಕಿನವರಿಗೆ ಹೊಸತಲ್ಲ. ಹಣ ಕಟ್ಟುವವನು ಮೊದಲೇ ಛಲವುಳ್ಳವನಾಗಿರಬಹುದೆಂಬುದನ್ನೂ ಮರೆಯಲಾಗದು.

ಪೂರೈಸಿದವನಿಗಾದರೂ ದಕ್ಕಿದ್ದೇನು? ಆಯವ್ಯಯದ ಅಂದಾಜು, ಕೆಲಸದ ಹಂಚಿಕೆ, ದುಡಿಯುವ ಬಂಡವಾಳದ ಲೆಕ್ಕ, ಇವನ್ನು ಪರದೆಯ ಮೇಲಿನ ಉಪನ್ಯಾಸವು ಚೆನ್ನಾಗಿಯೇ ಕಲಿಸುತ್ತದೆ. ಅರ್ಥವಾಗದಿದ್ದರೆ ಮತ್ತೆ ಕೇಳಬಹುದು. ನಾಯಕತ್ವದ ಸಂಗತಿ ಬೇರೆ. ಅಧೀನರ ತಪ್ಪನ್ನು ಎಲ್ಲಿ ತಿಳಿಸಬೇಕೆಂಬ ಪ್ರಶ್ನೆಗೆ ‘ಏಕಾಂತದಲ್ಲಿ’ ಎಂಬ ಉತ್ತರವನ್ನು ಗುರುತಿಸಿ ನಾನು ಪೂರ್ಣಾಂಕ ಪಡೆದವನು. ಅದೇ ವಾರ ನಮ್ಮ ಶಾಖೆಯ ಹಿರಿಯ ಗುಮಾಸ್ತರೊಬ್ಬರ ತಪ್ಪನ್ನು ಗಿರಾಕಿಗಳೆದುರಿಗೆ, ಕೌಂಟರಿನಲ್ಲಿಯೇ ಎತ್ತಿ ಆಡಿದೆನು. ಹದಿನೈದು ದಿನ ಅವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತನಾಡಿದರು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಗೊತ್ತಿದ್ದುದು ನಾಲಗೆಗೆ ಇಳಿದಿರಲಿಲ್ಲ.

ಆಡಿ ನೋಡಿ, ಇನ್ನೊಬ್ಬರಿಂದ ತಿದ್ದಿಸಿಕೊಳ್ಳದೆ ಈ ಗುಣವು ಬಾರದು. ಆದುದರಿಂದ ಒಬ್ಬೊಬ್ಬರೇ ಕಲಿಯುವ ಬದಲು ನಾಲ್ವರು ಒಂದೇ ಪಾಠಕ್ಕೆ ಸೇರಿ, ಭಾನುವಾರ ಸಂಘದ ಕೊಠಡಿಯಲ್ಲಿ ಕೂಡುವುದು ಲೇಸೆಂದು ನನ್ನ ಅಭಿಪ್ರಾಯ. ಅಲ್ಲಿ ಚರ್ಚೆ ಕನ್ನಡದಲ್ಲಿಯೇ ನಡೆಯಲಿ. ಇಂಗ್ಲಿಷಿನಲ್ಲಿ ಬಾಯಿಪಾಠವಾದ ನಯವಾದ ಮಾತು, ಮನೆಮಾತಿನಲ್ಲಿ ಹೇಳಹೊರಟಾಗ ಎಷ್ಟು ಟೊಳ್ಳೆಂಬುದು ಕೂಡಲೇ ತಿಳಿಯುತ್ತದೆ.

ನಾವು ಕೆಲವರು ಹೀಗೆ ಆರಂಭಿಸಿದ್ದೇವೆ. ಕಳೆದ ತಿಂಗಳು ಗುಮಾಸ್ತರ ಪಾತ್ರ ನನ್ನದಾಯಿತು. ಅಧಿಕಾರಿಯಾದ ಮಿತ್ರರು ಬಹಳ ಮೃದುವಾಗಿಯೇ ಮಾತನಾಡಿದರು. ಆದರೆ ಕೊನೆಯವರೆಗೂ ನನ್ನನ್ನು ‘ಕುಳಿತುಕೊಳ್ಳಿ’ ಎನ್ನಲಿಲ್ಲ.