ಬ್ಯಾಂಕ್ ಆ್ಯಪ್‌ನಲ್ಲಿ ಆಗುತ್ತೆ, ವೋಟು ಯಾಕಾಗಲ್ಲ?

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ಬಂತೆಂದರೆ ಗುಜರಾತಿನಲ್ಲೂ ಅದರದೇ ಮಾತು. ಸೂರತ್‌ನ ವಜ್ರಕ್ಕೆ ಅಮೆರಿಕವೇ ದೊಡ್ಡ ಗಿರಾಕಿ. ಅಲ್ಲಿ ಗೆದ್ದವರು ಸುಂಕ ಏರಿಸಿದರೆ ಇಲ್ಲಿ ವಜ್ರ ಉಜ್ಜುವ ಕೈಗಳಿಗೆ ಕೆಲಸ ಕಡಿಮೆ. ಅಹಮದಾಬಾದ್, ವಡೋದರಾದಲ್ಲಂತೂ ಎರಡು ಮನೆಗೊಬ್ಬರು ನ್ಯೂಜೆರ್ಸಿಯ ನೆಂಟರು. 2020ರ ಫೆಬ್ರುವರಿ 24ರಂದು ಮೊಟೆರಾ ಕ್ರೀಡಾಂಗಣದಲ್ಲಿ ನಡೆದ ‘ನಮಸ್ತೆ ಟ್ರಂಪ್’ ನೆನಪಿದೆಯಲ್ಲ? ಅಮೆರಿಕದಲ್ಲಿ ಅದು ಚುನಾವಣೆಯ ವರ್ಷ.

ಈ ಹರಟೆಗಳ ನಡುವೆ ನನ್ನನ್ನು ಕುಟುಕಿದ ಸಂಗತಿ ಒಂದಿದೆ. ಅಮೆರಿಕದ ಪೌರತ್ವ ಪಡೆದು, ನಿವೃತ್ತರಾಗಿ ವಡೋದರಾಕ್ಕೆ ಮರಳಿದವರು ಇಲ್ಲಿಂದಲೇ ಅಲ್ಲಿಗೆ ವೋಟು ಹಾಕಬಹುದು. ಕೇಳಿಕೊಂಡವರಿಗೆ 45 ದಿನ ಮೊದಲೇ ಮತಪತ್ರ ಕಳಿಸಬೇಕೆಂದು ಅಲ್ಲಿಯ ಕಾನೂನೇ ಹೇಳುತ್ತದೆ. ಹಾವೇರಿ ಜಿಲ್ಲೆಯ ಮತದಾರನಾದ ನಾನು ಮಾತ್ರ ಅಹಮದಾಬಾದಿನಲ್ಲಿ ಕುಳಿತು ಹಾವೇರಿಗೆ ವೋಟು ಹಾಕುವಂತಿಲ್ಲ. ಸಮುದ್ರ ದಾಟಿದ ವೋಟಿಗೆ ದಾರಿಯಿದೆ, ಮಹಾರಾಷ್ಟ್ರ ದಾಟಿದ್ದಕ್ಕೆ ಇಲ್ಲ!

ಸಾಫ್ಟ್‌ವೇರ್‌ನವನೆಂದು ತಿಳಿದವರೆಲ್ಲ ನನ್ನನ್ನು ಕೇಳುವುದು ಒಂದೇ: ಲಕ್ಷ ರೂಪಾಯಿ ಮೊಬೈಲಿನಲ್ಲೇ ಕಳಿಸುತ್ತೇವೆ, ವೋಟಿಗೇನು ಧಾಡಿ? ಕೇಳುವವರಿಗೆ ಗೊತ್ತಿರದ ವಿಷಯವೆಂದರೆ, ಇದನ್ನು ದೇಶದಲ್ಲಿ ಮೊದಲು ಮಾಡಿ ನೋಡಿದ್ದೇ ಗುಜರಾತ್. 2010ರ ಅಕ್ಟೋಬರ್‌ನಲ್ಲಿ ಅಹಮದಾಬಾದ್, ವಡೋದರಾ, ಸೂರತ್ ಸೇರಿ ಆರು ಮಹಾನಗರಪಾಲಿಕೆಗಳ ಚುನಾವಣೆಯಲ್ಲಿ ರಾಜ್ಯ ಚುನಾವಣಾ ಆಯೋಗ ಇಂಟರ್‌ನೆಟ್ ಮತದಾನಕ್ಕೆ ಅವಕಾಶ ಕೊಟ್ಟಿತು. ಮೊದಲೇ ನೋಂದಾಯಿಸಿಕೊಂಡವರು ಮನೆಯ ಕಂಪ್ಯೂಟರಿನಿಂದಲೇ ವೋಟು ಹಾಕಬಹುದಿತ್ತು. ಜನ ಮುಗಿಬೀಳಲಿಲ್ಲ. ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವುದೇ ಹೆಚ್ಚಿನವರಿಗೆ ಸಲೀಸಾಗಿ ಕಂಡಿತು.

ಸರಿಯಾಗಿ ಅದೇ ಹೊತ್ತಿಗೆ ವಾಷಿಂಗ್ಟನ್ ಡಿ.ಸಿ. ಕೂಡ ಹೊರದೇಶದಲ್ಲಿರುವ ತನ್ನ ಮತದಾರರಿಗಾಗಿ ಇಂಥದ್ದೇ ವ್ಯವಸ್ಥೆ ಕಟ್ಟಿತ್ತು. ಅವರು ಮಾಡಿದ ಜಾಣತನವೆಂದರೆ, ನಿಜವಾದ ಚುನಾವಣೆಗೆ ಮೊದಲು ‘ಯಾರು ಬೇಕಾದರೂ ಬಂದು ಮುರಿದು ನೋಡಿ’ ಎಂದು ಬಾಗಿಲು ತೆರೆದದ್ದು. ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಮತ್ತವರ ವಿದ್ಯಾರ್ಥಿಗಳು 48 ಗಂಟೆಯೊಳಗೆ ಸರ್ವರನ್ನು ಬಹುತೇಕ ವಶಕ್ಕೆ ತೆಗೆದುಕೊಂಡರು. ಬಿದ್ದಿದ್ದ ವೋಟುಗಳನ್ನೆಲ್ಲ ಅಳಿಸಿ ಕಥೆ, ಸಿನಿಮಾಗಳ ರೋಬೊಗಳಿಗೆ ಹಾಕಿದರು. ವೋಟು ಹಾಕಿದವರ ಪರದೆಯಲ್ಲಿ ತಮ್ಮ ವಿಶ್ವವಿದ್ಯಾಲಯದ ಹಾಡು ಮೊಳಗುವಂತೆ ಮಾಡಿದರು. ಇಷ್ಟಾದರೂ ಅಧಿಕಾರಿಗಳಿಗೆ ಗೊತ್ತಾಗಲು ಹತ್ತಿರಹತ್ತಿರ ಎರಡು ಕೆಲಸದ ದಿನ ಹಿಡಿಯಿತು.

ತಪ್ಪಾದರೂ ಎಷ್ಟು ದೊಡ್ಡದು? ಮತದಾರ ಅಪ್‌ಲೋಡ್ ಮಾಡುವ ಕಡತದ ಹೆಸರನ್ನು ಸೋಸದೆ ಸರ್ವರ್‌ನ ಆಜ್ಞೆಯೊಳಗೆ ಸೇರಿಸಿದ್ದರು, ಅದೂ ಒಂಟಿ ಉದ್ಧರಣ ಚಿಹ್ನೆ ಇರಬೇಕಾದಲ್ಲಿ ಜೋಡಿ ಚಿಹ್ನೆ ಹಾಕಿ. ದಿನಬೆಳಗಾದರೆ ಇಂಥ ಕೋಡ್ ತಿದ್ದುವ ನಮ್ಮಂಥವರಿಗೆ ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಡಿ.ಸಿ. ಆ ಯೋಜನೆ ಕೈಬಿಟ್ಟು, ಮತಪತ್ರ ಇಳಿಸಿಕೊಂಡು ಅಂಚೆಯಲ್ಲಿ ಕಳಿಸಿ ಎಂದಿತು.

ಬ್ಯಾಂಕಿನ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಂದಲೇ ಶುರುವಾಗುತ್ತದೆ. ಖಾತೆಯಿಂದ ಹಣ ಹೋದರೆ ನನಗೆ ಮೆಸೇಜು ಬರುತ್ತದೆ, ಪಾಸ್‌ಬುಕ್ ತೋರಿಸಿ ಜಗಳಾಡುತ್ತೇನೆ, ಬ್ಯಾಂಕು ಒಂದಿಷ್ಟು ನಷ್ಟವನ್ನು ವ್ಯಾಪಾರದ ಲೆಕ್ಕಕ್ಕೇ ಹಾಕಿಕೊಂಡಿರುತ್ತದೆ. ವೋಟಿಗೆ ಪಾಸ್‌ಬುಕ್ ಇರಕೂಡದು. ಯಾರಿಗೆ ಹಾಕಿದೆನೆಂದು ನಾನೇ ಬಯಸಿದರೂ ಇನ್ನೊಬ್ಬರಿಗೆ ರುಜುವಾತು ಕೊಡಲಾಗಬಾರದು. ಕೊಡಲಾದರೆ ಆ ರುಜುವಾತಿಗೆ ಬೆಲೆ ಕಟ್ಟುವವರು ಸಂಜೆಯೊಳಗೆ ಹುಟ್ಟಿಕೊಳ್ಳುತ್ತಾರೆ. ಯಾರದೆಂದು ತಿಳಿಯಬಾರದು, ಆದರೆ ಎಣಿಕೆಯಲ್ಲಿ ತಪ್ಪಿದರೆ ತಿಳಿಯಬೇಕು. ಎಂ.ಟೆಕ್.ನಲ್ಲಿ ಕ್ರಿಪ್ಟೊಗ್ರಫಿ ಓದಿದವನಾಗಿ ಹೇಳುತ್ತೇನೆ, ಕಾಗದದ ಮೇಲೆ ಇದಕ್ಕೆ ಸುಂದರ ಪರಿಹಾರಗಳಿವೆ. ಆದರೆ ವೋಟು ಒತ್ತುವ ಫೋನೇ ವೈರಸ್ ಹೊಕ್ಕ ಫೋನಾಗಿದ್ದರೆ ಅವುಗಳ ಚಂದವೆಲ್ಲ ಮಂಗಮಾಯ.

ಸೂರತ್‌ನ ಪವರ್‌ಲೂಮ್ ಶೆಡ್ಡುಗಳನ್ನು ನೋಡಿದವರಿಗೆ ಇನ್ನೊಂದು ಭಯವೂ ಅರ್ಥವಾದೀತು. ಒಡಿಶಾದ ಗಂಜಾಂನಿಂದ ಬಂದವರು ಅಲ್ಲಿ ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಮಲಗುತ್ತಾರೆ. ಹಾಗಿರುವಲ್ಲಿ ಫೋನಿನ ಮತದಾನ ಬಂದರೆ, ಮೇಸ್ತ್ರಿ ‘ತಾ ಇಲ್ಲಿ, ನಾನೇ ಒತ್ತಿಕೊಡ್ತೀನಿ’ ಎನ್ನುವುದಿಲ್ಲವೇ? ಮನೆಯಲ್ಲಿ ಮಾವ, ಗಂಡ ಹಾಗೆ ಎನ್ನುವುದಿಲ್ಲವೇ? ಮತಗಟ್ಟೆಯ ರಟ್ಟಿನ ಮರೆ ಮಾಡುವ ಕೆಲಸ ಯಾವ ಆ್ಯಪಿನಿಂದಲೂ ಆಗದು. ಅದು ಪ್ರತಿಯೊಬ್ಬರನ್ನೂ ಅರೆ ನಿಮಿಷ ಒಂಟಿಯಾಗಿಸುತ್ತದೆ. ಬಿಹಾರ 2025ರ ಜೂನ್‌ನಲ್ಲಿ ಸ್ಥಳೀಯ ಉಪಚುನಾವಣೆಗೆ ಮೊಬೈಲ್ ಮತದಾನ ತಂದಾಗ ನನಗೆ ಕುಣಿದಾಡಬೇಕೆನಿಸದಿದ್ದದ್ದು ಇದಕ್ಕೇ.

ಹಾಗಾದರೆ ವಲಸಿಗರ ಗತಿ? 2019ರ ಲೋಕಸಭೆಗೆ ಸುಮಾರು 30 ಕೋಟಿ ಮತದಾರರು ವೋಟು ಹಾಕಿರಲಿಲ್ಲ. ಅದನ್ನೇ ಮುಂದಿಟ್ಟು ಕೇಂದ್ರ ಚುನಾವಣಾ ಆಯೋಗ, ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳಿಗೆ ವೋಟು ಹಾಕಬಲ್ಲ ದೂರಮತದಾನ ಯಂತ್ರವನ್ನು 2023ರ ಜನವರಿ 16ರಂದು ಪಕ್ಷಗಳಿಗೆ ತೋರಿಸಲು ಕರೆಯಿತು. ಇಂಟರ್‌ನೆಟ್ ಇಲ್ಲ, ಮರೆ ಇದೆ. ನನಗೆ ಇದೇ ಸರಿಯಾದ ದಾರಿಯೆನಿಸುತ್ತದೆ. ವಿರೋಧ ಪಕ್ಷಗಳು ಒಪ್ಪಲಿಲ್ಲ. ವಲಸಿಗ ಎಂದರೆ ಯಾರು, ಹಾವೇರಿಯ ಅಭ್ಯರ್ಥಿಗೆ ಅಹಮದಾಬಾದಿನ ಬೂತಿನಲ್ಲಿ ಏಜೆಂಟ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗಳನ್ನು ತಳ್ಳಿಹಾಕಲಾಗದು. ಆದರೆ ಅವಕ್ಕೆ ಉತ್ತರ ಹುಡುಕುವ ಬದಲು ವಿಷಯವನ್ನೇ ಬದಿಗಿಟ್ಟರು. ಸೈನಿಕರಿಗೆ ಮತಪತ್ರವನ್ನು ಎಲೆಕ್ಟ್ರಾನಿಕ್ ಆಗಿ ಕಳಿಸಿ, ಅಂಚೆಯಲ್ಲಿ ವಾಪಸು ಪಡೆಯುವ ವ್ಯವಸ್ಥೆ ಆಗಲೇ ಇದೆ. ಅದನ್ನಾದರೂ ವಿಸ್ತರಿಸುವ ಬಗ್ಗೆ ಮಾತಾಡಬಹುದಿತ್ತು.

2024ರಲ್ಲಿ ಸೂರತ್‌ನವರಿಗೆ ಯಂತ್ರವೇ ಬೇಕಾಗಲಿಲ್ಲ ಬಿಡಿ. ಸೂಚಕರು ‘ಸಹಿ ನಮ್ಮದಲ್ಲ’ ಎಂದದ್ದರಿಂದ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು, ಉಳಿದವರು ಹಿಂದೆ ಸರಿದರು, ಏಪ್ರಿಲ್ 22ರಂದು ಬಿಜೆಪಿಯ ಮುಕೇಶ್ ದಲಾಲ್ ಅವಿರೋಧ ಆಯ್ಕೆಯಾದರು. 16 ಲಕ್ಷಕ್ಕೂ ಹೆಚ್ಚು ಮತದಾರರಿಗೆ ನೋಟಾ ಒತ್ತುವ ಭಾಗ್ಯವೂ ಇರಲಿಲ್ಲ.

ಗುಜರಾತಿನ ಉಳಿದ 25 ಕ್ಷೇತ್ರಗಳಿಗೂ ಹಾವೇರಿ ಸೇರಿದಂತೆ ಉತ್ತರ ಕರ್ನಾಟಕಕ್ಕೂ ಅದೇ ಮೇ 7ರಂದು ಮತದಾನ. ಜೋಧಪುರ–ಬೆಂಗಳೂರು ರೈಲು ಅಹಮದಾಬಾದ್, ವಡೋದರಾ, ಸೂರತ್ ಮೂರನ್ನೂ ಮುಟ್ಟಿ ಹುಬ್ಬಳ್ಳಿಗೆ ಹೋಗುತ್ತದಾದರೂ ದಿನಾಲೂ ಇಲ್ಲ. ಹೋಗಿಬರಲು ನಾಲ್ಕು ದಿನ ರಜೆ ಬೇಕು. ನಮೂನೆ 8 ತುಂಬಿ ಹೆಸರನ್ನು ಇಲ್ಲಿಗೇ ವರ್ಗಾಯಿಸಿಕೊಳ್ಳುವುದು ಕಾನೂನಿನ ಪ್ರಕಾರ ಸುಲಭದ ದಾರಿ. ಆಗ ಸಾಬರಮತಿ ದಂಡೆಯ ರಸ್ತೆ, ನೀರಿನ ಬಗ್ಗೆ ನನಗೊಂದು ವೋಟು ಸಿಗುತ್ತದೆ. ಪ್ರತಿ ಮಳೆಗಾಲ ವರದಾ ನದಿ ನುಗ್ಗುವ ಹೊಲದ ಬಗ್ಗೆ ಇರುವುದಿಲ್ಲ. ಹೆಂಡತಿ ವರ್ಗಾಯಿಸಿಕೊಂಡಿದ್ದಾಳೆ. ನನ್ನ ಅರ್ಜಿ ಇನ್ನೂ ಲ್ಯಾಪ್‌ಟಾಪಿನಲ್ಲೇ ಇದೆ, ಅರ್ಧ ತುಂಬಿ.